ಕೊಡಗಿನ ಊಟ-ತಿಂಡಿಯ ಪದಗಳನ್ನು ಭಾಷಾ ಅಧ್ಯಯನಕ್ಕೆ ವಿಂಗಡಿಸುವ ಬಗೆ

ಕೊಡವರ ಭಾಷೆಯಾದ ಕೊಡವ ತಕ್ಕಿನಲ್ಲಿ ‘ಕೂಳ್’ ಎಂದರೆ ಅನ್ನ, ಅಷ್ಟೇ. ಅದೇ ಬೇರಿನ ಕನ್ನಡದ ‘ಕೂಳು’ ಈಗ ‘ಕೂಳಿಗೆ ದಂಡ, ಭೂಮಿಗೆ ಭಾರ’ ಎಂಬ ಬೈಗುಳದ ಮಟ್ಟಕ್ಕೆ ಇಳಿದಿದೆ. ಕನ್ನಡದ ಅರ್ಥವನ್ನೇ ಅಳತೆಗೋಲು ಮಾಡಿಕೊಂಡು ಕೊಡಗಿನ ಪದ ಸಂಗ್ರಹಕ್ಕೆ ಹೊರಟವರು ಎಡವುವುದು ಇಲ್ಲೇ.

ಭಾಷೆಗಳನ್ನು ಹೋಲಿಸಲು ಮಾಡಿದ ಸಿದ್ಧ ಪದಪಟ್ಟಿಗಳೂ ಪೂರ್ತಿ ಒದಗುವುದಿಲ್ಲ. ಅಂಥ ಒಂದು ಪಟ್ಟಿಯಾದ ಇಂಟರ್‌ಕಾಂಟಿನೆಂಟಲ್ ಡಿಕ್ಷನರಿ ಸೀರೀಸ್‌ನ 22 ಅಧ್ಯಾಯಗಳಲ್ಲಿ 5ನೆಯದು ಆಹಾರ-ಪಾನೀಯದ್ದು. ಅದರಲ್ಲಿ ಬ್ರೆಡ್ಡು, ಬಿಯರು, ಚೀಸಿಗೆಲ್ಲ ಜಾಗವಿದೆ. ಅಕ್ಕಿ ಮಾತ್ರ ಬೇಸಾಯದ ಅಧ್ಯಾಯದಲ್ಲಿದೆ, ಅದೂ ಒಂದೇ ನಮೂದಾಗಿ. ನೆಲ್ಲು, ಅಕ್ಕಿ, ಅನ್ನ ಮೂರಕ್ಕೂ ಬೇರೆ ಬೇರೆ ಪದವಿರುವ ಊರಿಗೆ ಇದು ಸಾಲದು. ಬೇರೆ ಭಾಷೆಗಳೊಂದಿಗೆ ಹೋಲಿಸಲು ಆ ಪಟ್ಟಿಯ ಸಂಖ್ಯೆಯನ್ನು ಒಂದು ಕಾಲಮಿನಲ್ಲಿ ಇಟ್ಟುಕೊಳ್ಳಿ, ವಿಂಗಡಣೆಯನ್ನು ಅದರ ಕೈಗೆ ಕೊಡಬೇಡಿ.

ಹಾಳೆಯಲ್ಲಿ ಕನಿಷ್ಠ ಇಷ್ಟು ಕಾಲಮುಗಳಿರಲಿ: ಪದ, ಉಚ್ಚಾರಣೆ, ಯಾವ ಭಾಷೆ (ಕೊಡವ ತಕ್ಕ್, ಅರೆಭಾಷೆ, ಯರವ, ಕುರುಬ, ಕನ್ನಡ), ಹೇಳಿದವರ ಊರು ಮತ್ತು ವಯಸ್ಸಿನ ಗುಂಪು, ಮುಖ್ಯ ಸಾಮಗ್ರಿ, ಮಾಡುವ ವಿಧಾನ, ಜೊತೆಗೆ ಬರುವ ಕ್ರಿಯಾಪದ, ಕಾಲ ಅಥವಾ ಹಬ್ಬ. ‘ವರ್ಗ’ ಎಂಬ ಕಾಲಮನ್ನು ಕೊನೆಯಲ್ಲಿಟ್ಟು, ಮೊದಲ ಸುತ್ತು ಮುಗಿಯುವವರೆಗೆ ಖಾಲಿ ಬಿಡಿ. ಕೈ ತುರಿಸುತ್ತದೆ, ತಡೆದುಕೊಳ್ಳಿ.

ಉಚ್ಚಾರಣೆಯ ಕಾಲಮು ಅಲಂಕಾರಕ್ಕಲ್ಲ. ಕೊಡವ ತಕ್ಕಿನಲ್ಲಿ ಕನ್ನಡ ಲಿಪಿಗೆ ಸಿಗದ ಮಧ್ಯಸ್ವರಗಳಿವೆ; ಪದದ ತುದಿಯಲ್ಲಿ ಅಂಥ ಒಂದು ಸ್ವರ ಬರುವುದರಿಂದ, ಅಕ್ಕಿ ತಿಂಡಿಯ ಒಂದೇ ಹೆಸರನ್ನು ಕೆಲವರು ‘ಪುಟ್ಟ್’ ಎಂದೂ ಕೆಲವರು ‘ಪುಟ್ಟು’ ಎಂದೂ ಬರೆಯುತ್ತಾರೆ. ಉಚ್ಚಾರಣೆ ಇಲ್ಲದಿದ್ದರೆ ಒಂದೇ ಪದ ಎರಡು ಸಾಲು ಹಿಡಿಯುತ್ತದೆ, ಎಣಿಕೆ ಕೆಡುತ್ತದೆ. ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ಬರೆದು, ಧ್ವನಿಮುದ್ರಣವನ್ನೂ ಇಟ್ಟುಕೊಳ್ಳಿ.

ಪದ ಕೇಳುವಾಗ ‘ಕಳಲೆಗೆ ಏನಂತೀರಿ?’ ಎನ್ನಬೇಡಿ. ಕನ್ನಡದಲ್ಲಿ ಕೇಳಿದರೆ ಮರ್ಯಾದೆಗೆ ಕನ್ನಡದ ಪದವನ್ನೇ ಒಪ್ಪಿಬಿಡುತ್ತಾರೆ. ವಸ್ತುವನ್ನು ಮುಂದಿಟ್ಟು ಕೇಳಿ, ‘ಬೈಂಬಳೆ’ ತಾನಾಗಿ ಬರುತ್ತದೆ. ಇಲ್ಲವೇ ಹತ್ತು ನಿಮಿಷ ಬಿಟ್ಟು, ನೆನಪಾದ ತಿಂಡಿಗಳನ್ನೆಲ್ಲ ಹೇಳಿಸಿ. ಹೇಳಿದ ಕ್ರಮ ಕೆಡದಂತೆ ಬರೆದುಕೊಳ್ಳಿ. ಒಂದರ ಬೆನ್ನಿಗೆ ಇನ್ನೊಂದು ಬಂದರೆ ಅವರ ಮನಸ್ಸಿನಲ್ಲಿ ಎರಡೂ ಹತ್ತಿರ ಇರುವ ಸಾಧ್ಯತೆ ಹೆಚ್ಚು.

ನಿಜವಾದ ತೊಡಕು ಪುಟ್ಟಿನದು. ಕಡಂಬುಟ್ಟ್ ಅಕ್ಕಿ ತರಿಯ ಉಂಡೆ, ನೂಪುಟ್ಟ್ ಒತ್ತುಶಾವಿಗೆ, ಪಾಪುಟ್ಟ್ ತರಿಗೆ ಹಾಲು-ಕಾಯಿ ಹಾಕಿದ್ದು, ಕೂವಲೆ ಪುಟ್ಟ್ ಹಲಸು ಅಥವಾ ಬಾಳೆಹಣ್ಣು ಬೆರೆಸಿ ಎಲೆಯಲ್ಲಿ ಕಟ್ಟಿದ್ದು. ಎಲ್ಲವೂ ಹಬೆಯಲ್ಲಿ ಬೆಂದವು. ಹಾಗಾದರೆ ‘ಪುಟ್ಟ್ ಎಂದರೆ ಹಬೆಯ ತಿಂಡಿ’ ಎಂದು ಬರೆದು ಮುಗಿಸೋಣವೇ? ಸುಗ್ಗಿ ಹಬ್ಬವಾದ ಪುತ್ತರಿಯ ತಂಬುಟ್ಟ್ ಅಡ್ಡ ಬರುತ್ತದೆ: ಹುರಿದ ಅಕ್ಕಿಯ ಪುಡಿಗೆ ಬಾಳೆಹಣ್ಣು ಕಿವುಚಿ ಕಲಸುವುದು, ಹಬೆಯ ಸೋಂಕೇ ಇಲ್ಲ. ಆದ್ದರಿಂದ ಹೆಸರಿನ ಗುಂಪನ್ನೂ ವಿಧಾನದ ಗುಂಪನ್ನೂ ಬೇರೆ ಬೇರೆ ಕಾಲಮಿನಲ್ಲಿಡಿ. ಎರಡೂ ಎಲ್ಲಿ ಹೊಂದುವುದಿಲ್ಲವೋ ಅಲ್ಲೇ ಸಂಶೋಧನೆಗೆ ಹುರುಳಿರುವುದು.

‘ಮದ್ದ್’ ಇನ್ನೂ ಜಾರುವ ಪದ. ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ 18ರಂದು ಆಟಿ ಸೊಪ್ಪಿನ ನೇರಳೆ ರಸದಲ್ಲಿ ಪಾಯಸವನ್ನೋ ಪುಟ್ಟನ್ನೋ ಮಾಡುತ್ತಾರೆ. ಗಿಡ, ರಸ, ಔಷಧಿ ಎಲ್ಲಕ್ಕೂ ಮದ್ದೇ. ಒಂದೇ ಸಾಲಿನಲ್ಲಿ ತುರುಕದೆ ಅರ್ಥಕ್ಕೊಂದು ಸಾಲು ಕೊಟ್ಟು, ಸಾಲುಗಳ ನಡುವೆ ಕೊಂಡಿ ಹಾಕಿ. ‘ಕಾಫಿ’ಯದೂ ಇದೇ ಪಾಡು: ಗಿಡ, ಬೀಜ, ಲೋಟದಲ್ಲಿರುವುದು ಮೂರೂ ಕಾಫಿ. ಒಣಗಿಸಿದ ಕಾಫಿಯ ಬಗೆಗಳಾದ ಚೆರಿ, ಪಾರ್ಚ್‌ಮೆಂಟು ಬೇಸಾಯಕ್ಕೆ ಹೋಗಲಿ. ಬೆಲ್ಲದ ಕಾಫಿ ಇಲ್ಲಿರಲಿ.

ತಿನ್ನುವುದಕ್ಕೂ ಕುಡಿಯುವುದಕ್ಕೂ ಗೆರೆ ಎಳೆಯಬೇಕಾದವರು ನೀವಲ್ಲ, ಕ್ರಿಯಾಪದ. ಗಂಜಿ, ಪಾಯಸದಂಥವನ್ನು ತಿನ್ನು, ಉಣ್ಣು, ಕುಡಿ ಮೂರರ ಜೊತೆಗೂ ಇಟ್ಟು ಯಾವುದು ಸಹಜ ಎಂದು ಕೇಳಿ. ಎರಡು ಒಪ್ಪಿದರೆ ಎರಡನ್ನೂ ಬರೆಯಿರಿ.

ಎರವಲಿನ ಗುರುತು ಹಾಕುವಾಗ ಅವಸರ ಬೇಡ. ‘ಪಂದಿ ಕರಿ’ಯ ಕರಿಯನ್ನು ಇಂಗ್ಲಿಷಿನದೆಂದು ಬರೆದುಬಿಡುವವರಿದ್ದಾರೆ, ಇಂಗ್ಲಿಷಿಗೇ ಅದು ಹೋದದ್ದು ದ್ರಾವಿಡದಿಂದ. ಪಂದಿ-ಹಂದಿ, ಪಾಲ್-ಹಾಲು, ಪುಳಿ-ಹುಳಿ ಜೋಡಿಗಳೂ ಎರವಲಲ್ಲ. ಹಳಗನ್ನಡದ ಮೊದಲ ಪಕಾರ ಮುಂದೆ ಹಕಾರವಾಯಿತು, ಕೊಡವ ತಕ್ಕ್ ಪಕಾರವನ್ನೇ ಉಳಿಸಿಕೊಂಡಿತು. ಇವಕ್ಕೆ ‘ಸಮಮೂಲ’ ಎಂಬ ಬೇರೆ ಗುರುತು ಬೇಕು.

ಒಂದೇ ಭೇಟಿಯಲ್ಲಿ ಕೆಲಸ ಮುಗಿಯದು. ಅಣಬೆ, ಏಡಿ, ಬೈಂಬಳೆಯ ಪದಗಳು ಮಳೆಗಾಲದಲ್ಲಿ ಧಾರಾಳ. ಏಪ್ರಿಲ್‌ನಲ್ಲಿ ಕೇಳಿದರೆ ಅಣಬೆಯ ಮಾತು ‘ಕುಮ್ಮ್’ ಎಂಬ ಒಟ್ಟು ಹೆಸರಿಗೇ ನಿಲ್ಲಬಹುದು. ಜುಲೈ-ಆಗಸ್ಟಿನಲ್ಲಿ ಒಮ್ಮೆ, ಪುತ್ತರಿಯ ನವೆಂಬರ್-ಡಿಸೆಂಬರಿನಲ್ಲಿ ಇನ್ನೊಮ್ಮೆ ಹೋಗಿ.

ಕೊನೆಗೆ ಪದಕ್ಕೊಂದರಂತೆ 40ರಿಂದ 60 ಚೀಟಿ ಮಾಡಿ, ಓದಲು ಬಾರದವರಿಗೆ ಚಿತ್ರ ಅಂಟಿಸಿ, ‘ಒಂದೇ ತರದವನ್ನು ಒಟ್ಟಿಗಿಡಿ’ ಎನ್ನಿ. ರಾಶಿ ಎಷ್ಟಾಗಬೇಕೆಂದು ಹೇಳಬೇಡಿ. ಒಂದೊಂದು ರಾಶಿಗೂ ‘ಇವು ಯಾಕೆ ಜೊತೆ?’ ಎಂದು ಕೇಳಿ, ಅವರು ಕೊಟ್ಟ ಕಾರಣವನ್ನು ಅವರ ಮಾತಿನಲ್ಲೇ ಆ ಖಾಲಿ ಬಿಟ್ಟ ಕಾಲಮಿಗೆ ಇಳಿಸಿ.