ಕನ್ನಡ ಬಲ್ಲವರು ತಮಿಳು ಮಾತನಾಡಲು ಕಲಿಯುವ ಬಗೆ

ಕೆಲಸದ ನಿಮಿತ್ತ ಚೆನ್ನೈಗೋ ಕೊಯಮತ್ತೂರಿಗೋ ಹೋಗಿ ನೆಲೆಸುವ ಕನ್ನಡಿಗರಲ್ಲಿ ಹಲವರು ಮೊದಲು ಒಂದು ಸ್ವಬೋಧಿನಿಯನ್ನು ಕೊಳ್ಳುತ್ತಾರೆ. ಅಂಥ ಪುಸ್ತಕಗಳು ಸಾಮಾನ್ಯವಾಗಿ ಕಲಿಸುವುದು ಬರಹದ ತಮಿಳನ್ನು. ಅದರಲ್ಲಿರುವ ‘ವಂದುಕೊಂಡಿರುಕ್ಕಿರೇನ್’ ಜನರ ಬಾಯಲ್ಲಿ ‘ವಂದುಟ್ಟಿರುಕ್ಕೇನ್’ ಆಗಿರುತ್ತದೆ. ‘ಪೋಗಿರೇನ್’ ಎಂಬುದು ‘ಪೋರೇನ್’ ಆಗಿರುತ್ತದೆ. ಕನ್ನಡದಲ್ಲಿಯೂ ‘ಬರುತ್ತಿದ್ದೇನೆ’ ಎಂಬುದು ‘ಬರ್ತಿದೀನಿ’ ಆಗುವುದುಂಟು. ಆದರೆ ತಮಿಳಿನಲ್ಲಿ ಈ ಅಂತರ ಇನ್ನೂ ಹೆಚ್ಚು, ಮತ್ತು ಎಷ್ಟೇ ಓದಿದವರಾದರೂ ಮನೆಯಲ್ಲಿ, ಅಂಗಡಿಯಲ್ಲಿ ಬರಹದ ರೂಪಗಳನ್ನು ಆಡುವುದಿಲ್ಲ. ಆದ್ದರಿಂದ ಮೊದಲ ಕೆಲವು ತಿಂಗಳು ಲಿಪಿಯನ್ನು ಬದಿಗಿಟ್ಟು, ಕೇಳಿದ್ದನ್ನು ಕೇಳಿದಂತೆಯೇ ಕನ್ನಡ ಅಕ್ಷರಗಳಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ವಾಕ್ಯದ ಕಟ್ಟಣೆಗೆ ಹೆಚ್ಚು ಹೆಣಗಬೇಕಿಲ್ಲ. ಪದಗಳ ಕ್ರಮ ಬಹುಮಟ್ಟಿಗೆ ನಮ್ಮದೇ. ‘ನನಗೆ ಗೊತ್ತು’ ಎಂಬಲ್ಲಿ ಅವರೂ ‘ಎನಕ್ಕು ತೆರಿಯುಂ’ ಎಂದು ಚತುರ್ಥಿಯನ್ನೇ ಬಳಸುತ್ತಾರೆ.

ಪದಸಂಪತ್ತಿನ ದೊಡ್ಡ ಪಾಲೂ ನಮ್ಮಲ್ಲಿ ಆಗಲೇ ಇದೆ, ಅದನ್ನು ಹೊರತೆಗೆಯುವ ದಾರಿ ತಿಳಿದಿರಬೇಕು. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಯಿತು, ತಮಿಳಿನಲ್ಲಿ ಹಾಗೆಯೇ ಉಳಿಯಿತು: ಹಾಲು–ಪಾಲ್, ಹುಲಿ–ಪುಲಿ, ಹತ್ತು–ಪತ್ತು. ನಮ್ಮ ಬಕಾರಕ್ಕೆ ಅವರಲ್ಲಿ ವಕಾರ ಸಿಗುತ್ತದೆ: ಬಾಯಿ–ವಾಯ್, ಬೇರು–ವೇರ್, ಬೆಳ್ಳಿ–ವೆಳ್ಳಿ. ಇ, ಎ ಸ್ವರಗಳ ಹಿಂದಿನ ಕಕಾರ ಅವರಲ್ಲಿ ಹಲವೆಡೆ ಸಕಾರವಾಗಿದೆ: ಕಿವಿ–ಸೆವಿ, ಕೇರಿ–ಸೇರಿ. ಹಳಗನ್ನಡ ಓದಿದವರಿಗೆ ಇಲ್ಲಿ ಅರ್ಧ ಕೆಲಸ ಮುಗಿದಂತೆಯೇ. ಆದರೂ ಈ ಸೂತ್ರಗಳಿಂದ ಹೊಸ ಪದಗಳನ್ನು ಹುಟ್ಟಿಸಲು ಹೋಗಬಾರದು. ಕೇಳಿದ ಪದವನ್ನು ಗುರುತಿಸುವುದಕ್ಕಷ್ಟೇ ಅವು ನೆರವಾಗುತ್ತವೆ. ಮಳೆ, ಕೋಳಿ ಮುಂತಾದವುಗಳಲ್ಲಿ ತಮಿಳಿನವರಿಗೆ ಇರುವ ೞಕಾರ (‘ತಮಿೞ್’ ಎಂಬ ಹೆಸರಿನ ಕೊನೆಯ ಧ್ವನಿ) ನಾಲಗೆಗೆ ಹೊರಳದಿದ್ದರೆ ಸಂಕೋಚ ಬೇಡ, ತಮಿಳುನಾಡಿನ ತೆಂಕಣ ಭಾಗದಲ್ಲಿ ಅನೇಕರು ಅದನ್ನು ಳಕಾರವಾಗಿಯೇ ಆಡುತ್ತಾರೆ.

ನಿಜವಾಗಿ ಎಡವುವುದು ‘ನಾವು’ ಎಂಬಲ್ಲಿ. ಕೇಳುವವರನ್ನೂ ಒಳಗೊಂಡ ‘ನಾವು’ ತಮಿಳಿನಲ್ಲಿ ‘ನಾಮ’, ಅವರನ್ನು ಬಿಟ್ಟರೆ ‘ನಾಂಗ’. ನೆರೆಮನೆಯವರೊಡನೆ ‘ನಾವು ನಾಳೆ ಮೈಸೂರಿಗೆ ಹೋಗುತ್ತೇವೆ’ ಎನ್ನಲು ‘ನಾಂಗ’ ಬಳಸಬೇಕು. ‘ನಾಮ’ ಎಂದರೆ ಅವರೂ ಹೊರಡಬೇಕಾದೀತು! ಇದರ ಷಷ್ಠಿ ರೂಪಗಳು ‘ನಮ್ಮ’ ಮತ್ತು ‘ಎಂಗ’. ಕನ್ನಡದ ‘ನಮ್ಮ’ ನಾಲಗೆಯ ತುದಿಯಲ್ಲೇ ಇರುವುದರಿಂದ ತಪ್ಪು ಸುಲಭ. ಆತ್ಮೀಯತೆಗಾಗಿ ತಮಿಳರೂ ‘ನಮ್ಮ ವೀಡು’ ಎನ್ನುವುದುಂಟು, ಆದರೆ ಆ ಸಲಿಗೆ ಕಲಿಯುವವರಿಗೆ ಆಮೇಲಿನದು. ‘ಎಂಕುಲು’, ‘ನಮ’ ಎಂಬ ಭೇದವನ್ನು ಎಳವೆಯಿಂದಲೇ ಆಡುವ ತುಳುವರಿಗೆ ಈ ತೊಡಕೇ ಇಲ್ಲ.

ನಿಷೇಧ ರೂಪಗಳನ್ನೂ ಬೇರೆಯಾಗಿ ರೂಢಿಸಿಕೊಳ್ಳಬೇಕು. ‘ಬಸ್ ವರಲೆ’ ಎಂದರೆ ಸಂದರ್ಭಕ್ಕೆ ತಕ್ಕಂತೆ ಬರಲಿಲ್ಲ ಎಂದೂ ಆಗುತ್ತದೆ, ಬರುತ್ತಿಲ್ಲ ಎಂದೂ ಆಗುತ್ತದೆ. ‘ಬಸ್ ವರಾದು’ ಎಂದರೆ ಬರುವುದೇ ಇಲ್ಲ. ಮನುಷ್ಯರಾದರೆ ‘ವರಮಾಟ್ಟಾನ್’, ‘ವರಮಾಟ್ಟೇನ್’ ಎಂದು ಕರ್ತೃವಿಗೆ ತಕ್ಕಂತೆ ರೂಪ ಬದಲಾಗುತ್ತದೆ. ನಿಲ್ದಾಣದಲ್ಲಿ ನಿಂತವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ತರಕಾರಿ ಅಂಗಡಿಗೆ ಹೋಗುವ ಮೊದಲು ಎಣಿಕೆಯಲ್ಲಿ ಒಂದು ಸ್ಥಳವನ್ನು ಗಟ್ಟಿ ಮಾಡಿಕೊಳ್ಳಬೇಕು: 90 ಅವರಲ್ಲಿ ‘ತೊಣ್ಣೂರು’, 800 ‘ಎಣ್ಣೂರು’, 900 ‘ತೊಳ್ಳಾಯಿರಂ’. ತೊಂಬತ್ತರೊಳಗೆ ನೂರು, ಒಂಬೈನೂರರೊಳಗೆ ಸಾವಿರ ಕೇಳಿಸುವುದರಿಂದ ಹೊಸಬರು ಬೆಲೆ ಕೇಳಿ ಬೆಚ್ಚುತ್ತಾರೆ. ನೀವು ತಡವರಿಸಿದೊಡನೆ ಎದುರಿನವರು ಇಂಗ್ಲಿಷಿಗೆ ಹೊರಳಿದರೆ ‘ತಮಿಳ್‌ಲೆಯೇ ಸೊಲ್ಲುಂಗ’ ಎಂದು ವಿನಯದಿಂದ ಕೇಳಿಕೊಳ್ಳಿ. ಕೊನೆಯ ‘ಉಂಗ’ ನಮ್ಮ ‘ಹೇಳಿ’ಯ ಗೌರವವನ್ನು ಸೂಚಿಸುತ್ತದೆ; ‘ಸೊಲ್ಲು’ ಎಂದು ನಿಲ್ಲಿಸಿದರೆ ಏಕವಚನವಾಗುತ್ತದೆ.

ಮಾತು ಇಷ್ಟು ಕೈಗೂಡಿದ ಮೇಲೆ ಲಿಪಿಗೆ ಬರಬಹುದು. ಅದರಲ್ಲಿ ವ್ಯಂಜನಗಳು 18 ಮಾತ್ರ. ಕ, ಗ ಎರಡಕ್ಕೂ ಒಂದೇ ಅಕ್ಷರ, ತ, ದ ಎರಡಕ್ಕೂ ಒಂದೇ. ಅನುನಾಸಿಕದ ನಂತರ ಗ, ದ ಎಂದೂ, ಪದದ ಮೊದಲಲ್ಲಿ ಮತ್ತು ದ್ವಿತ್ವದಲ್ಲಿ ಕ, ತ ಎಂದೂ ಓದುವುದು ರೂಢಿ. ಹೊರಗಿನಿಂದ ಬಂದ ಹೆಸರುಗಳು ಈ ನಿಯಮಕ್ಕೆ ಬಗ್ಗುವುದಿಲ್ಲ. ಕೊಯಮತ್ತೂರಿನ ಬಸ್ಸಿನ ಫಲಕವನ್ನು ಅಕ್ಷರಕ್ಕಕ್ಷರ ಕೂಡಿಸಿ ‘ಕಾಂದಿಪುರಂ’ ಎಂದು ಓದಿದವರು, ಅದು ಗಾಂಧಿಪುರಕ್ಕೆ ಹೋಗುವ ಬಸ್ಸೆಂದು ತಿಳಿಯಲು ಆ ಹೆಸರನ್ನು ಮೊದಲೇ ಯಾರದಾದರೂ ಬಾಯಲ್ಲಿ ಕೇಳಿರಬೇಕು.