ಕುಂಡದಲ್ಲಿ ಕಂಡದ್ದೆಲ್ಲ ಮೊಟ್ಟೆಯಲ್ಲ

ಮೊನ್ನೆ ಬೆಳಿಗ್ಗೆ ಮಗಳು ಫೋನಿಗೆ ಒಂದು ಫೋಟೋ ಕಳಿಸಿದಳು. ನರ್ಸರಿಯಿಂದ ತಂದ ಗುಲಾಬಿ ಕುಂಡದ ಮಣ್ಣಿನಲ್ಲಿ ಸಾಸಿವೆಗಿಂತ ದಪ್ಪನೆಯ ಹಳದಿ ಗುಂಡುಗಳು. "ಅಮ್ಮಾ, ಬಸವನಹುಳು ಮೊಟ್ಟೆ ಇಟ್ಟುಬಿಟ್ಟಿದೆ, ಮಣ್ಣೆಲ್ಲ ಸುರಿದುಬಿಡಲಾ?" ತಾಳು, ಒಂದನ್ನು ಕಾಗದದ ಮೇಲಿಟ್ಟು ಉಗುರಿನಿಂದ ಒತ್ತಿ ನೋಡು ಅಂದೆ. ಪಟ್ಟನೆ ಸಿಪ್ಪೆ ಒಡೆದು ಒಳಗಿಂದ ಬರೀ ನೀರು ಬಂತಂತೆ. ಅದು ನಿಧಾನವಾಗಿ ಕರಗುವ ರಸಗೊಬ್ಬರ. ಮೇಲೊಂದು ತೆಳು ಪದರವಿದ್ದು, ತಿಂಗಳುಗಟ್ಟಲೆ ಒಳಗಿನ ಗೊಬ್ಬರ ಸ್ವಲ್ಪಸ್ವಲ್ಪವಾಗಿ ಸೋರುತ್ತದೆ. ಖಾಲಿಯಾದ ಮೇಲೂ ಸಿಪ್ಪೆ ಹಾಗೇ ಉಳಿಯುವುದರಿಂದ ಜನ ಹೆದರುತ್ತಾರೆ.

ನಾನು ಮೊದಲು ನೋಡುವುದು ಬಣ್ಣವನ್ನಲ್ಲ, ಜಾಗವನ್ನು. ಗೊಬ್ಬರದ ಗುಂಡು ಮಣ್ಣಿನಲ್ಲಿ ಅಲ್ಲೊಂದು ಇಲ್ಲೊಂದು ಚದುರಿರುತ್ತದೆ. ಬಸವನಹುಳು ಹಾಗೆ ಚೆಲ್ಲುವುದಿಲ್ಲ, ತೇವದ ಮಣ್ಣಿನಲ್ಲಿ ಗುಳಿ ತೋಡಿ ಒಂದೇ ಕಡೆ ಗುಡ್ಡೆ ಹಾಕುತ್ತದೆ. ಸಿಂಬಳದ ಹುಳುವಿನ ಮೊಟ್ಟೆಯಂತೂ ಬೇಯಿಸಿದ ಸಾಬಕ್ಕಿಯೇ ಸೈ, ಮೆತ್ತಗೆ, ಹೊಳಪಾಗಿ, ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಮಳೆಗಾಲದಲ್ಲಿ ಕಾಂಪೌಂಡ್ ಹತ್ತುವ ಆಫ್ರಿಕಾದ ದೊಡ್ಡ ಬಸವನಹುಳುವಿನದು ಜೋಳದ ಕಾಳಿನಷ್ಟು, ತಿಳಿಹಳದಿ, ಸಿಪ್ಪೆ ಗಟ್ಟಿ. 1847ರಲ್ಲಿ ಯಾರೋ ಕಲ್ಕತ್ತೆಗೆ ತಂದು ಬಿಟ್ಟ ಪ್ರಾಣಿ ಅದು. ಒಂದೇ ಗುಳಿಯಲ್ಲಿ ನೂರಕ್ಕೂ ಮೇಲೆ ಇಡುತ್ತದೆ. ಕೈಗೆ ಗ್ಲೌಸ್ ಹಾಕಿಕೊಂಡು ಚಮಚದಿಂದ ಎತ್ತಿ, ಉಪ್ಪುನೀರಿನ ಡಬ್ಬಿಗೆ ಹಾಕಿ. ಉಪ್ಪನ್ನು ಕುಂಡಕ್ಕೇ ಸುರಿಯಬೇಡಿ, ಹುಳುವಿನ ಜೊತೆ ಗಿಡವೂ ಹೋಗುತ್ತದೆ.

ಬಿಳಿ ಹರಳು ಕಂಡರೆ ಒಂದು ಲೋಟ ನೀರಿಗೆ ಹಾಕಿ. ತೇಲಿದರೆ, ಬೆರಳಲ್ಲಿ ಪುಡಿಯಾದರೆ ಅದು ಪರ್ಲೈಟ್, ಮಣ್ಣು ಹಗುರಾಗಲೆಂದು ಬೆರೆಸುವ ಕಲ್ಲಿನ ಹರಳು. ದಾಸವಾಳದ ಗೆಣ್ಣಿನಲ್ಲಿ ಹತ್ತಿಯ ಹಾಗೆ ಅಂಟಿದ್ದು ಮಾತ್ರ ಹಿಟ್ಟುತಿಗಣೆ, ಆ ಹತ್ತಿಯೊಳಗೇ ಮೊಟ್ಟೆ ಇರುತ್ತದೆ. ಅದಕ್ಕೆ ದಯೆ ಬೇಡ, ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿ.

ಇನ್ನು ವೀಳ್ಯದೆಲೆ ಬಳ್ಳಿ. ಎಳೆ ಚಿಗುರಿನ ಬೆನ್ನಿಗೆ ಗಾಜಿನ ಮಣಿಯಂಥ ಸಣ್ಣ ಹನಿಗಳು ಕಂಡು ಬೇವಿನೆಣ್ಣೆ ಹೊಡೆದವರು ಎಷ್ಟು ಜನವೋ! ಬೆಂಡೆ ಎಲೆಯಡಿಯಲ್ಲೂ ಹೀಗೇ. ಅವನ್ನು ಹುಳ ಇಟ್ಟದ್ದಲ್ಲ, ಗಿಡವೇ ಹೊರಹಾಕಿದ ಮುತ್ತು. ಎಷ್ಟು ದಿನ ಕಾದರೂ ಒಡೆದು ಮರಿ ಬರುವುದಿಲ್ಲ, ಒಣಗಿ ಕಪ್ಪು ಚುಕ್ಕೆಯಾಗುತ್ತದೆ ಅಷ್ಟೆ. ಒರೆಸಲು ಹೋದರೆ ಎಳೆ ಎಲೆಗೇ ಗಾಯ.

ನನ್ನದೊಂದು ತಪ್ಪು ಹೇಳುತ್ತೇನೆ. ಮೆಣಸಿನ ಗಿಡದ ಎಲೆಯಲ್ಲಿ ಕೂದಲೆಳೆಯ ತುದಿಗೆ ಒಂದೊಂದು ಬಿಳಿ ಚುಕ್ಕೆ ನಿಂತಿದ್ದವು. ಏನೋ ಬೂಷ್ಟು ಅಂದುಕೊಂಡು ಎಲ್ಲ ಒರೆಸಿ ಹಾಕಿದೆ. ವಾರದೊಳಗೆ ಗಿಡದ ತುಂಬ ಹೇನು. ಆಮೇಲೆ ಗೊತ್ತಾಯಿತು, ಅವು ಕೃಷಿಯವರು ಕ್ರೈಸೋಪರ್ಲಾ ಎನ್ನುವ ಹಸಿರು ಹುಳುವಿನ ಮೊಟ್ಟೆ. ಅದರ ಮರಿಗೆ ಗಿಡದ ಹೇನೇ ಊಟ. ಗುಲಗಂಜಿ ಹುಳುವಿನದೂ ಅಷ್ಟೆ. ಹೇನಿರುವ ಎಲೆಯ ಪಕ್ಕದಲ್ಲೇ ಅರಿಶಿನ ಬಣ್ಣದ ಉದ್ದುದ್ದ ಮೊಟ್ಟೆಗಳು ಬತ್ತದ ಕಾಳು ನಿಲ್ಲಿಸಿದ ಹಾಗೆ ಗುಂಪಾಗಿ ನಿಂತಿರುತ್ತವೆ. ಮುಟ್ಟಬೇಡಿ.

ಎಲೆಯಡಿ ಮೊಟ್ಟೆಗುಂಪಿನ ಮೇಲೆ ಕಂದು ತುಪ್ಪಳ ಹೊದಿಸಿದ ಹಾಗಿದ್ದರೆ ಅದು ಎಲೆ ತಿನ್ನುವ ಕಂಬಳಿಹುಳದ್ದು, ಎಲೆ ಸಮೇತ ಕಿತ್ತು ಹಾಕಿ. ಕರಿಬೇವಿನ ಚಿಗುರಲ್ಲಿ ಗುಂಡುಸೂಜಿಯ ತಲೆಯಷ್ಟು ಹಳದಿ ಗುಂಡು ಒಂಟಿಯಾಗಿದ್ದರೆ ನಿಂಬೆ ಚಿಟ್ಟೆಯದು. ಮರಿ ಹಕ್ಕಿಹಿಕ್ಕೆಯ ಹಾಗೆ ಕಾಣುತ್ತದೆ. ಆಳೆತ್ತರದ ಗಿಡವಾದರೆ ನಾನು ಬಿಡುತ್ತೇನೆ, ಒಂದಡಿ ಸಸಿಯನ್ನು ಎರಡೇ ಮರಿಗಳು ಬೋಳಿಸಿಬಿಡುತ್ತವೆ. ಎಲೆಯ ಮೇಲೆ ಬಿದ್ದ ಕಪ್ಪು ಉಂಡೆಗಳು ಮೊಟ್ಟೆಯಲ್ಲ, ಹುಳದ ಹಿಕ್ಕೆ. ತಲೆಯೆತ್ತಿ ಮೇಲಿನ ಎಲೆ ನೋಡಿ, ಕಳ್ಳ ಅಲ್ಲೇ ಇರುತ್ತಾನೆ.

ಎರೆಗೊಬ್ಬರದಲ್ಲಿ ಪುಟಾಣಿ ನಿಂಬೆಕಾಯಿಯ ಆಕಾರದ ಕಂದು ಕಾಳು ಸಿಕ್ಕರೆ ಮಣ್ಣಿಗೇ ವಾಪಸ್ ಹಾಕಿ, ಎರೆಹುಳದ ಮರಿ ಅದರಿಂದಲೇ ಬರುವುದು. ಕುಂಡದ ಮೂಲೆಯಲ್ಲಿ ಕಡಲೆಕಾಳಿನಷ್ಟು ದಪ್ಪದ ಗಟ್ಟಿ ಬಿಳಿ ಮೊಟ್ಟೆ ಎರಡೇ ಎರಡು ಇದ್ದರೆ ಹಲ್ಲಿಯದು. ಮಗಳಿಗೆ ಇದನ್ನು ಹೇಳಿದ್ದಕ್ಕೆ, ಗೊಬ್ಬರದ ಗುಂಡೇ ವಾಸಿಯಿತ್ತು ಅಂದಳು.