ಹಳೆಯ ಮರ್ಸಿಡಿಸ್‌ನ ಎಬಿಸಿ ಸಸ್ಪೆನ್ಷನ್: ಎಣ್ಣೆ ಕಪ್ಪಾಗುವ ತನಕ ಕಾಯಬೇಡಿ

1999ರಲ್ಲಿ ಸಿಎಲ್ ಕೂಪೆಯ ಜೊತೆ ಬಂದ ಆಕ್ಟಿವ್ ಬಾಡಿ ಕಂಟ್ರೋಲ್ (ಎಬಿಸಿ, ಅಂದರೆ ಎಣ್ಣೆಯ ಒತ್ತಡದಿಂದ ಕಾರಿನ ಓಲಾಟ ತಡೆಯುವ ಸಸ್ಪೆನ್ಷನ್) ಇರುವ ಕಾರು ನಿಮ್ಮ ಹತ್ತಿರ ಇದ್ದರೆ, ದಯವಿಟ್ಟು ಇದನ್ನು ಓದಿ. ಈ ವ್ಯವಸ್ಥೆ ಸುಮಾರು 200 ಬಾರ್ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಅದರ ಜೀವ ಇರೋದೇ ಎಣ್ಣೆಯಲ್ಲಿ.

ಎಬಿಸಿ ಎಣ್ಣೆ ಡಬ್ಬಿಯ ಡಿಪ್‌ಸ್ಟಿಕ್ (ಎಂಜಿನ್ನಿನದಲ್ಲ) ಎಳೆದು ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿಡಿ. ಇದಕ್ಕೆ ಹಾಕುವ ಹೊಸ ಎಣ್ಣೆ, ಪೆಂಟೋಸಿನ್ ಸಿಎಚ್‌ಎಫ್ 11ಎಸ್ ತಿಳಿ ಹಸಿರು. ಹನಿ ಕಂದು ಅಥವಾ ಕಪ್ಪಾಗಿ ಕಂಡರೆ ಎಣ್ಣೆ, ಫಿಲ್ಟರ್ ಎರಡನ್ನೂ ಬದಲಾಯಿಸಿ. ಸವೆದ ಸೀಲಿನ ಚೂರು, ಲೋಹದ ಪುಡಿ ವಾಲ್ವ್ ಒಳಗೆ ಸೇರಿದರೆ ಖರ್ಚು ಎಲ್ಲಿಗೆ ಹೋಗುತ್ತೆ ಅಂತ ಹೇಳಬೇಕಿಲ್ಲ, ಅಲ್ವಾ? ಕಡಿಮೆ ಬೆಲೆಗೆ ಸಿಗುತ್ತೆ ಅಂತ ಗೇರ್‌ಬಾಕ್ಸ್ ಎಣ್ಣೆ ಮಾತ್ರ ಹಾಕಬೇಡಿ.

ಜನ ಮರೆಯುವುದು ಅಕ್ಯುಮುಲೇಟರ್‌ಗಳನ್ನು, ಅಂದರೆ ಒತ್ತಡದ ಏಟನ್ನು ಹೀರಿಕೊಳ್ಳುವ, ಅನಿಲ ತುಂಬಿದ ಗುಂಡುಗಳನ್ನು. ಒಳಗಿನ ನೈಟ್ರೋಜನ್ ವರ್ಷಗಳಲ್ಲಿ ಮೆಲ್ಲಗೆ ಸೋರುತ್ತದೆ. ಆಮೇಲೆ ಒತ್ತಡದ ಏಟೆಲ್ಲ ಪೈಪುಗಳ ಮೇಲೆಯೇ. ಪೈಪ್ ಒಡೆಯೋದು ಹೀಗೇ. ಸಣ್ಣ ಗುಂಡಿಗೂ ಕಾರು ಗಡುಸಾಗಿ ಕುಲುಕಿದರೆ ಮೊದಲು ಅವನ್ನೇ ಪರೀಕ್ಷಿಸಿ.

ರಾತ್ರಿ ನಿಲ್ಲಿಸಿದಾಗ ನೆಲದಿಂದ ಪ್ರತಿ ಚಕ್ರದ ಮೇಲಿನ ಬಾಡಿ ಅಂಚಿನವರೆಗಿನ ಎತ್ತರ ಅಳೆದು ಬರೆದಿಡಿ, ಬೆಳಿಗ್ಗೆ ಮತ್ತೆ ಅಳೆಯಿರಿ. ಒಂದು ಮೂಲೆ ಮಾತ್ರ ಕುಸಿದಿದ್ದರೆ ಆ ಕಡೆಯ ವಾಲ್ವ್ ಅಥವಾ ಸ್ಟ್ರಟ್ (ಚಕ್ರದ ಬಳಿ ಕಾರಿನ ಭಾರ ಹೊರುವ ಸಸ್ಪೆನ್ಷನ್ ಕಂಬ) ನೋಡಿಸಿ.

ಸ್ಟ್ಯಾಂಡ್ ಇಡದೆ ಕಾರಿನ ಕೆಳಗೆ ಖಂಡಿತ ಹೋಗಬೇಡಿ. ಸೋರುವ ಜಾಗವನ್ನು ಬೆರಳಿಂದ ಮುಟ್ಟಿ ನೋಡಬೇಡಿ. ಆ ಒತ್ತಡದ ಎಣ್ಣೆ ಚರ್ಮದೊಳಗೇ ನುಗ್ಗುತ್ತದೆ.